ಒಂದು ಬೆರಳಿನ ಜಾಗ

ನಮ್ಮ ಯಲ್ದೂರಿನಲ್ಲಿ ಈ ಕಥೆ ಆಗಲೇ ಹತ್ತು ಬಗೆಯಲ್ಲಿ ಓಡಾಡುತ್ತಿದೆ. ಶಾಮಲಮ್ಮನೇ ಹಡಗು ಓಡಿಸಿದಳಂತೆ ಎನ್ನುವವರಿದ್ದಾರೆ, ದುಬೈಗೆ ಹೋಗಿ ಬಂದಳಂತೆ ಎನ್ನುವವರಿದ್ದಾರೆ. ಮೊನ್ನೆ ಶ್ರೀನಿವಾಸಪುರದಿಂದ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು, ಆಕೆ ಸಮುದ್ರಕ್ಕೆ ಬಿದ್ದಳಂತೆ, ಮೀನು ಹಿಡಿಯುವವರು ಬಲೆ ಹಾಕಿ ಎತ್ತಿದರಂತೆ ಎಂದು ಪಕ್ಕದವಳಿಗೆ ಕಣ್ಣರಳಿಸಿ ಹೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾವಾಗಮ್ಮ ಬಿದ್ದಿದ್ದು? ಪಕ್ಕದಲ್ಲೇ ಇದ್ದೆ, ನಂಗೇ ಗೊತ್ತಾಗ್ಲಿಲ್ವಲ್ಲ!" ಎಂದು ಕೇಳಿಯೇಬಿಟ್ಟೆ. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅದಕ್ಕೇ, ನಡೆದದ್ದನ್ನು ನಡೆದ ಹಾಗೆ ಬರೆದಿಡೋಣ ಎಂದು ಕೂತಿದ್ದೇನೆ.

ಶಾಮಲಮ್ಮ ನನ್ನ ವಾರಗಿತ್ತಿ, ನನ್ನ ಬಾಯಲ್ಲಿ ಅಕ್ಕ. ಅವಳ ಗಂಡ ಕೋದಂಡರಾಮಪ್ಪ ಅಣ್ಣ, ನನ್ನ ಗಂಡ ಗಂಗಾಧರ್ ತಮ್ಮ. ಒಂದೇ ಅಂಗಳ, ಎರಡು ಅಡಿಗೆಮನೆ. ನಾನು ಊರಿನ ಅಂಗನವಾಡಿಯಲ್ಲಿ ಮಕ್ಕಳನ್ನು ಸುಧಾರಿಸುತ್ತೇನೆ, ಅಕ್ಕ ತೋಟ ಸುಧಾರಿಸುತ್ತಾಳೆ. ನಮ್ಮದು ಅರ್ಧ ಮಾವಿನ ತೋಟ, ಉಳಿದದ್ದರಲ್ಲಿ ರಾಗಿ ಮತ್ತು ಟೊಮೇಟೊ. ಟೊಮೇಟೊ ಗಿಡ ಕಟ್ಟುವುದರಲ್ಲಿ ಅಕ್ಕನ ಕೈಯನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ಗಿಡದ ಪಕ್ಕ ನೀಲಗಿರಿ ಕೋಲು ನೆಟ್ಟಿರುತ್ತೇವಲ್ಲ, ಅದಕ್ಕೆ ಕಾಂಡವನ್ನು ದಾರದಲ್ಲಿ ಕಟ್ಟುವಾಗ ಎಡಗೈ ತೋರುಬೆರಳನ್ನು ದಾರದ ಒಳಗಡೆ ಇಟ್ಟು ಗಂಟು ಹಾಕಿ, ಆಮೇಲೆ ಬೆರಳನ್ನು ಎಳೆದುಕೊಳ್ಳಬೇಕು. ಆ ಒಂದು ಬೆರಳಿನ ಜಾಗ ಬಿಡದಿದ್ದರೆ ಗಿಡ ದಪ್ಪವಾದ ಹಾಗೆ ದಾರವೇ ಕಾಂಡವನ್ನು ಕುಯ್ದುಬಿಡುತ್ತದೆ. ಅಕ್ಕ ಈ ಕೆಲಸವನ್ನು ನೋಡದೆಯೇ ಮಾಡುತ್ತಾಳೆ. ನನ್ನ ಜೊತೆ ಜಗಳವಾಡುತ್ತಲೇ ಒಂದು ಸಾಲು ಮುಗಿಸಿರುತ್ತಾಳೆ.

ಅವಳಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಎತ್ತರದ್ದು ಏನು ಕಂಡರೂ ನಿಂತು ತಲೆಯೆತ್ತಿ ನೋಡುವುದು. ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಾಕಲು ಹೋದರೆ ಉಳಿದವರು ರೇಟು ಕೇಳಿಕೊಂಡು ಓಡಾಡುತ್ತಾರೆ, ಇವಳು ಹೊರಗಿನ ಮೊಬೈಲ್ ಟವರ್ ನೋಡುತ್ತಾ ನಿಂತಿರುತ್ತಾಳೆ. "ನೋಡೇ, ಅಲ್ಲೀಗಂಟ ಕಾಲಿಡೋಕೆ ಜಾಗ ಐತೆ. ಅದರ ಮೇಲೆ ಸ್ವಲ್ಪ ಕಷ್ಟ" ಎನ್ನುತ್ತಾಳೆ. ಇದು ತಮಾಷೆ ಎಂದುಕೊಂಡು ನಾನು ಬಹಳ ವರ್ಷ ನಗುತ್ತಿದ್ದೆ.

ಅದರ ಹಿಂದೆ ಏನಿದೆ ಎಂದು ತಿಳಿದದ್ದು ಒಂದು ಮಾವಿನ ಕೊಯ್ಲಿನಲ್ಲಿ. ನಮ್ಮ ಕಡೆ ಕೊಯ್ಲೆಂದರೆ ಗಂಡಸರು ಮರ ಹತ್ತುತ್ತಾರೆ, ಹೆಂಗಸರು ಕೆಳಗೆ ಗೋಣಿತಟ್ಟು ಹಿಡಿದು ಕಾಯಿ ಹಿಡಿಯುತ್ತೇವೆ, ಆರಿಸುತ್ತೇವೆ. ಹೆಂಗಸು ಹತ್ತಿದರೆ ಮರ ಮುನಿಸಿಕೊಳ್ಳುತ್ತದೆ, ಮುಂದಿನ ವರ್ಷ ಹೂ ಬಿಡುವುದಿಲ್ಲ ಅಂತ ಹಿರಿಯರ ನಂಬಿಕೆ. ಮಾವಿನ ಮರ ಹೇಗಿದ್ದರೂ ಒಂದು ವರ್ಷ ಬಿಟ್ಟು ಒಂದು ವರ್ಷ ಸೊರಗುತ್ತದೆ, ಯಾರು ಹತ್ತಿದರೂ ಅಷ್ಟೆ, ಹತ್ತದಿದ್ದರೂ ಅಷ್ಟೆ. ಆದರೆ ಆ ಮಾತು ಹೇಳಲು ಹೋದರೆ ನಾನು ಬಾಯಿಬಡುಕಿ. ಗೋಣಿತಟ್ಟಿನ ಆ ತುದಿ ಹಿಡಿದಿದ್ದ ಅಕ್ಕ ಇದ್ದಕ್ಕಿದ್ದಂತೆ ಹೇಳಿದಳು: "ನಾನು ತುದೀಗಂಟ ಹತ್ತುತಿದ್ದೆ ಕಣೇ, ರಜನಿ."

ಅವಳ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ತೆಲುಗು ಮಾತು. ಹುಡುಗಿಯಾಗಿದ್ದಾಗ ಇವಳು ಮರದಿಂದ ಇಳಿಯುತ್ತಿದ್ದದ್ದೇ ಊಟಕ್ಕೆ. ಅವರ ಹಿತ್ತಲಿನ ಹಳೆಯ ಮಾವಿನ ಮರದಲ್ಲಿ ಎಲ್ಲಕ್ಕಿಂತ ಮೇಲಿನ ಕವಲೊಂದಿತ್ತಂತೆ, ಅಲ್ಲಿಂದ ನೋಡಿದರೆ ಎರಡು ಕೆರೆ ಮತ್ತು ದೂರದ ಬೆಟ್ಟ ಕಾಣುತ್ತಿತ್ತಂತೆ. ಅವಳು ದೊಡ್ಡವಳಾದ ಮೇಲಿನ ಮೊದಲ ಕೊಯ್ಲಿನಲ್ಲಿ ಆ ಕವಲಿಗೆ ಇನ್ನೇನು ಕೈ ಹಾಕಬೇಕು, ಅಜ್ಜಿ ಕೆಳಗೆ ಬಂದು ನಿಂತು ಕೂಗಿದಳು: "ದಿಗವೇ ಕಿಂದಿಕಿ!" ಇಳಿಯೇ ಕೆಳಕ್ಕೆ, ಎಂದು. ಊರವರೆಲ್ಲ ನೋಡುತ್ತಿದ್ದರು. ಇಳಿದಳು. ಅಂದಿನಿಂದ ಗೋಣಿತಟ್ಟು ಹಿಡಿದವಳು ಬಿಟ್ಟಿಲ್ಲ.

ಅಕ್ಕನ ಮಗಳು ಶಿವಾನಿ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹೋದ ಚಳಿಗಾಲದಲ್ಲಿ ಅವಳು ಫೋನಿಗೆ ಒಂದು ಚಿತ್ರ ಕಳಿಸಿದಳು. ಹಳೆಯ ಕಾಲದ ಮಾದರಿಯ ಮರದ ಹಾಯಿಹಡಗು, ಹೆಸರು 'ನೀಲವೇಣಿ'. ಮೂರು ಕಂಬ, ಒಂದೊಂದು ಕಂಬಕ್ಕೂ ಒಂದರ ಮೇಲೊಂದು ಅಡ್ಡಮರ, ಅಡ್ಡಮರಗಳಿಂದ ಇಳಿಬಿಟ್ಟ ಬಿಳಿ ಹಾಯಿ. ಆ ಹಡಗನ್ನು ನಡೆಸುವ ಸಂಸ್ಥೆಯವರು ಸಮುದ್ರವನ್ನೇ ಕಾಣದ ಊರುಗಳ ಜನರನ್ನು ಒಂದು ಯಾನಕ್ಕೆ ಕರೆದೊಯ್ಯುತ್ತಾರಂತೆ. ಮಂಗಳೂರಿನಿಂದ ಹೊರಟು, ಲಕ್ಷದ್ವೀಪವನ್ನು ಬಳಸಿಕೊಂಡು, ಕೊಚ್ಚಿಗೆ. ಕರೆದೊಯ್ಯುವುದು ಪ್ರಯಾಣಿಕರನ್ನಾಗಿ ಅಲ್ಲ, ಕೆಲಸದವರನ್ನಾಗಿ. ಹಗ್ಗ ಎಳೆಯಬೇಕು, ಡೆಕ್ ತೊಳೆಯಬೇಕು, ಕಂಬ ಹತ್ತಬೇಕು. 'ಅಮ್ಮಾ, ನಿಂಗೆ ಹೇಳಿ ಮಾಡಿಸ್ದಂಗೈತೆ' ಎಂದು ಶಿವಾನಿ ತಮಾಷೆಗೆ ಬರೆದಿದ್ದಳು.

ಅಕ್ಕ ಆ ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಎಲ್ಲಕ್ಕಿಂತ ಮೇಲಿನ ಅಡ್ಡಮರದ ಮೇಲೆ ಇರುವೆಗಳಂತೆ ನಾಲ್ಕು ಜನ ನಿಂತಿದ್ದರು. "ಅದ್ರಾಗೆ ಒಂದು ಜಡೆ ಕಾಣಿಸ್ತೈತೆ ನೋಡು" ಎಂದಳು. ಜಡೆಯೇ. ಸಂಜೆಗೆ ಅರ್ಜಿ ಹೋಯಿತು.

ಕೋದಂಡರಾಮಪ್ಪ ಭಾವ ಬೇಡವೆನ್ನಲಿಲ್ಲ, ಒಬ್ಬಳನ್ನೇ ಕಳಿಸಲಾಗದು ಎಂದರು. ಹೀಗೆ ನನ್ನನ್ನು ಜೊತೆಗೆ ಗಂಟುಹಾಕಿದರು. ಸಂಸ್ಥೆಯವರು ವಿಡಿಯೋದಲ್ಲಿ ಮಾತಾಡಿಸಿದಾಗ ಒಬ್ಬ ಮೇಡಂ, ಎಂದಾದರೂ ಸಮುದ್ರ ನೋಡಿದ್ದೀರಾ ಎಂದು ಕೇಳಿದರು. "ಇಲ್ಲ ಮೇಡಂ. ಕೋಲಾರಮ್ಮನ ಕೆರೆ ಕೋಡಿ ಹೋಗಿದ್ದು ನೋಡಿದೀನಿ" ಎಂದಳು ಅಕ್ಕ. ಈಜು ಬರುತ್ತದೆಯೇ ಎಂದರು. "ಬಾವೀಲಿ ಕಲ್ತಿದ್ದೆ. ಈಗ ಬಾವಿ ಇಲ್ಲ." ಮೇಡಂ ನಕ್ಕರು. ಆಮೇಲೆ ತಿಳಿಯಿತು, ಅವರೇ ಹಡಗಿನ ಕ್ಯಾಪ್ಟನ್.

ಮಂಗಳೂರಿನ ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಎಲ್ರೂ ಸಮುದ್ರ ನೋಡೋಕೆ ಹೋಗ್ತಾವಳೆ ಅಂದ್ಕೊಂಡವ್ರೆ. ನಾನು ಹೋಗ್ತಿರೋದು ಆ ಮೇಲಿನ ಅಡ್ಡಮರಕ್ಕೆ ಕಣೇ. ಒಂದು ಸತಿ ಹತ್ತಿಬಿಡ್ತೀನಿ. ಸಾಕು." ನನಗೆ ಒಳಗೇ ಭಯವಾಯಿತು. ಇಷ್ಟು ವರ್ಷ ಇಟ್ಟುಕೊಂಡ ಆಸೆ, ಆಗದೆ ಹೋದರೆ ಇವಳನ್ನು ಹಿಡಿಯುವುದು ಹೇಗೆ ಎಂದು.

ಹಡಗಿನ ಮುಂದೆ ನಿಂತಾಗ ನನಗೆ ಬಾಯಿ ಕಟ್ಟಿಹೋಯಿತು. ನನಗೆ ಬಾಯಿ ಕಟ್ಟಿತು ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಕಂಬಗಳು ಮೇಲೆ ಹೋಗುತ್ತಲೇ ಇದ್ದವು. ನಮ್ಮೂರ ನೀರಿನ ಟ್ಯಾಂಕಿನ ಮೇಲೆ ಇನ್ನೊಂದು ಟ್ಯಾಂಕು ಇಟ್ಟರೂ ಸಾಲದು. ಅದಕ್ಕೆಲ್ಲ ಕಟ್ಟಿದ ಹಗ್ಗಗಳೆಷ್ಟು, ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಒಂದೂ ತಿಳಿಯಲಿಲ್ಲ. ಅದರ ಹಿಂದೆ ಸಮುದ್ರ. ನಮ್ಮ ಕಡೆ ನೀರು ಎಂದರೆ ಪೈಪಿನಲ್ಲಿ ಬರುವುದು, ಅದೂ ಕರೆಂಟ್ ಇದ್ದಾಗ. ಇಲ್ಲಿ ಯಾರೂ ಮೋಟಾರ್ ಹಾಕದೆ, ಯಾರ ಅಪ್ಪಣೆಯನ್ನೂ ಕೇಳದೆ, ಅಷ್ಟು ನೀರು ಸುಮ್ಮನೆ ಅಲ್ಲಾಡುತ್ತಾ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕ ನೀರಿನ ಕಡೆ ಒಂದು ಸಲ ನೋಡಿ, ಕೈಮುಗಿದು, ಮತ್ತೆ ತಲೆಯೆತ್ತಿ ಕಂಬವನ್ನೇ ನೋಡುತ್ತಾ ನಿಂತಳು. ಕಾಲಿಡುವ ಜಾಗಗಳನ್ನು ಗುರುತು ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ಹಗ್ಗ, ಹಾಯಿ, ಕಂಬ ಎಲ್ಲದರ ಯಜಮಾನ ಸಾರಂಗರು. ಸಾರಂಗ ಎಂದರೆ ಹಡಗಿನ ಕೆಲಸದವರ ಮೇಸ್ತ್ರಿ. ಹೆಸರು ಸದಾಶಿವ ಕೋಟ್ಯಾನ್, ಮಂಗಳೂರಿನವರೇ, ಆದರೆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಕುಳ್ಳಗೆ, ಗಟ್ಟಿಮುಟ್ಟಾಗಿ, ನಗುವುದಕ್ಕೆ ತೆರಿಗೆ ಕಟ್ಟಬೇಕೇನೋ ಎಂಬಂತಹ ಮುಖ. ಮೊದಲ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು: "ಕೆಳಗಿನ ಅಡ್ಡಮರಕ್ಕೆ ಎಲ್ಲರೂ ಹತ್ತಬಹುದು. ನಡುವಿನದಕ್ಕೆ ಕೈಕಾಲು ನೋಡಿ ಕಳಿಸುತ್ತೇನೆ. ಮೇಲಿನದಕ್ಕೆ ಯಾರು ಹೋಗುವುದು ಎಂದು ನಾನು ಹೇಳುವುದು. ಕ್ಯಾಪ್ಟನ್ ಕೂಡ ಹೇಳುವುದಿಲ್ಲ." ಆ ಮಾತು ಕೇಳಿದಾಗಿನಿಂದ ಅಕ್ಕನಿಗೆ ಸಾರಂಗರೇ ದೇವರು.

ನಮಗೆ ಪ್ಯಾಂಟು, ಅಂಗಿ, ಹತ್ತಿದವರು ಬೀಳದಂತೆ ಸೊಂಟಕ್ಕೆ ಕೊಂಡಿಯ ಬೆಲ್ಟು ಕೊಟ್ಟರು. ಜೀವಮಾನದಲ್ಲಿ ಪ್ಯಾಂಟು ಹಾಕದ ಅಕ್ಕ ಅದನ್ನು ಹಾಕಿಕೊಂಡು ಎರಡು ಸಲ ಕೂತು ಎದ್ದು ನೋಡಿ, "ಲೇ ರಜನಿ, ಇದನ್ನ ಗಂಡಸ್ರು ಇಷ್ಟು ದಿವ್ಸ ತಾವೇ ಇಟ್ಕೊಂಡಿದ್ರಲ್ಲೇ" ಎಂದಳು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಮುಂದೆ ಅದೇ ಹೊಟ್ಟೆ ನನಗೆ ಏನು ಮಾಡಲಿದೆ ಎಂದು ಆಗ ಗೊತ್ತಿರಲಿಲ್ಲ.

ಬಂದರು ದಾಟುವವರೆಗೆ ಎಂಜಿನ್ ಓಡುತ್ತಿತ್ತು. ದಡ ಒಂದು ಗೆರೆಯಾದ ಮೇಲೆ ಕ್ಯಾಪ್ಟನ್ ಅದನ್ನು ನಿಲ್ಲಿಸಿದರು. ನಾವೆಲ್ಲ ಸಾಲಾಗಿ ನಿಂತು ಹಗ್ಗ ಎಳೆದೆವು, ಅಂಗೈ ಉರಿಯುವವರೆಗೆ. ಮೇಲಿನಿಂದ ಹಾಯಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಾಳಿ ತುಂಬಿತು. ಅಷ್ಟು ದೊಡ್ಡ ಹಡಗು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ, ಸದ್ದೇ ಇಲ್ಲದೆ ಮುಂದೆ ಹೋಗತೊಡಗಿತು. ಡೀಸೆಲ್ ಇಲ್ಲ, ಕರೆಂಟ್ ಇಲ್ಲ. ನಮ್ಮ ತೋಟದಲ್ಲಿ ಹೂ ಉದುರಿಸಿ ಬೈಸಿಕೊಳ್ಳುವ ಅದೇ ಗಾಳಿ. ನಾವು ನಲವತ್ತು ಜನ, ಸಾಮಾನು, ಅಕ್ಕಿ ಮೂಟೆ, ಅಕ್ಕ ತಂದಿದ್ದ ರಾಗಿಹಿಟ್ಟು, ಎಲ್ಲವನ್ನೂ ಅದು ಹೊತ್ತುಕೊಂಡು ಹೋಗುತ್ತಿತ್ತು. ಎಲ್ಲರೂ ತಲೆಯೆತ್ತಿ ಹಾಯಿಗಳನ್ನೇ ನೋಡುತ್ತಿದ್ದರು. ಅಡಿಗೆಯವನು ಕೂಡ ಸೌಟು ಹಿಡಿದು ಹೊರಗೆ ಬಂದು ನಿಂತಿದ್ದ.

ನನ್ನ ಭಕ್ತಿ ಅಲ್ಲಿಗೆ ಮುಗಿಯಿತು. ಮುಂದಿನ ಕೆಲವು ದಿನ ನಾನು ಒಂದು ಬಕೆಟ್ಟನ್ನು ಅಪ್ಪಿಕೊಂಡು ಡೆಕ್ಕಿನ ಮೂಲೆಯಲ್ಲಿ ಬಿದ್ದಿದ್ದೆ. ಅಕ್ಕನಿಗೆ ಏನೂ ಆಗಲಿಲ್ಲ. ಹೊತ್ತುಹೊತ್ತಿಗೆ ಬಂದು ರಾಗಿ ಅಂಬಲಿ ಕುಡಿಸಿ, "ಕಣ್ಣು ಮುಚ್ಚಬೇಡ, ದೂರ ನೋಡು" ಎಂದು ಗದರಿಸಿ ಮತ್ತೆ ಹಗ್ಗದ ಏಣಿಗೆ ಓಡುತ್ತಿದ್ದಳು. ಮಲಗಿದ್ದವಳಿಗೆ ಬೇರೇನು ಕೆಲಸ, ನಾನು ಅವಳನ್ನೇ ನೋಡುತ್ತಿದ್ದೆ. ನಲವತ್ತೆರಡು ವರ್ಷದ ಹೆಂಗಸು, ಮಂಡಿನೋವೆಂದು ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳು, ಕೆಳಗಿನ ಅಡ್ಡಮರಕ್ಕೆ ಹತ್ತಿದಳು. ಮಾರನೆಯ ದಿನ ನಡುವಿನದಕ್ಕೆ ಹತ್ತಿದಳು. ಹಡಗು ವಾಲಿದರೆ ಕಂಬವೂ ಅವಳನ್ನು ಹೊತ್ತುಕೊಂಡು ನೀರಿನ ಮೇಲೆ ಚಾಚುತ್ತಿತ್ತು, ಮತ್ತೆ ವಾಪಸು ತರುತ್ತಿತ್ತು. ಅವಳು ಅದರ ಜೊತೆ ತೂಗುತ್ತಾ ಕೆಲಸ ಮಾಡುತ್ತಿದ್ದಳು. ಇವಳ ಜೊತೆ ಇಷ್ಟು ವರ್ಷ ಒಂದೇ ಅಂಗಳದಲ್ಲಿ ಬದುಕಿದೆನೇ, ಇವಳು ಯಾರು ಎಂದು ನನಗೆ ಗೊತ್ತಿತ್ತೇ ಎಂದು ಬೆರಗಾಗುತ್ತಿತ್ತು. ಸಾರಂಗರು ಕೂಡ ಒಂದು ಸಲ ಕೆಳಗಿನಿಂದ ನೋಡಿ, "ಯಲ್ದೂರಿನವರು ಹತ್ತುತ್ತಾರೆ ಮಾರಾಯ್ರೆ" ಎಂದರು. ಅವರು ಯಾರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ, ಊರಿನ ಹೆಸರು ಹಿಡಿದೇ ಕರೆಯುತ್ತಿದ್ದರು.

ಲಕ್ಷದ್ವೀಪವನ್ನು ಬಳಸಿ ತಿರುಗಿದ ಮೇಲೆ, ಒಂದು ಮಧ್ಯಾಹ್ನ, ಗಾಳಿ ಜೋರಾಗುವ ಸೂಚನೆ ಕಂಡು ನಡುಗಂಬದ ನಡುವಿನ ಹಾಯಿಯನ್ನು ಮಡಿಸಿ ಕಟ್ಟಲು ಹೇಳಿದರು. ಅಕ್ಕ ಮತ್ತು ಮೂವರು ಹೊಸಬರು ಹತ್ತಿದರು. ಹಾಯಿಯನ್ನು ಮೇಲೆಳೆದು, ಚಾಪೆಯ ಹಾಗೆ ಸುತ್ತಿ, ಅಡ್ಡಮರಕ್ಕೆ ಸೇರಿಸಿ ಹಗ್ಗದಿಂದ ಕಟ್ಟಬೇಕು. ಸಾಮಾನ್ಯವಾಗಿ ಸಾರಂಗರು ಒಂದೊಂದು ಗಂಟನ್ನೂ ಕೈಯಿಟ್ಟು ನೋಡುತ್ತಿದ್ದರು. ಅವತ್ತು ಉಳಿದವರದನ್ನು ನೋಡಿದರು, ಅಕ್ಕನದನ್ನು ನೋಡಲಿಲ್ಲ. ಹತ್ತುವುದರಲ್ಲಿ ಇಷ್ಟು ಚುರುಕಿರುವವಳು ಕಟ್ಟುವುದರಲ್ಲೂ ಹಾಗೇ ಇರುತ್ತಾಳೆ ಎಂದುಕೊಂಡಿರಬೇಕು.

ಟೀ ಕುಡಿಯುವ ಹೊತ್ತಿಗೆ ಗಾಳಿ ಬಂತು. ಮೇಲೆ ಪಟಪಟ ಶಬ್ದವಾಯಿತು. ನೋಡಿದರೆ ಅಡ್ಡಮರದ ಒಂದು ಕಡೆಯಿಂದ ಹಾಯಿ ಜಾರಿಕೊಂಡು ಹೊರಗೆ ಬರುತ್ತಿದೆ. ಒಂದು ಮಡಿಕೆ ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಅಷ್ಟೂ ಬಿಚ್ಚಿಕೊಂಡು ಗಾಳಿಗೆ ಹೊಡೆದುಕೊಳ್ಳತೊಡಗಿತು. ಆ ಹೊಡೆತಕ್ಕೆ ಕಂಬವೇ ಅದುರುತ್ತಿತ್ತು. ಸಾರಂಗರು ಒಬ್ಬರೇ ಓಡಿ ಹತ್ತಿದರು. ಅವರು ಅದನ್ನು ಹಿಡಿದು ಕಟ್ಟಿ ಇಳಿಯುವ ಹೊತ್ತಿಗೆ ಹಾಯಿ ಒಂದು ಕಡೆ ಉದ್ದಕ್ಕೆ ಹರಿದಿತ್ತು, ಅವರ ಬಲ ಅಂಗೈಯ ಚರ್ಮ ಹಗ್ಗ ಉಜ್ಜಿ ಕಿತ್ತುಬಂದಿತ್ತು.

"ಆ ಕಡೆ ಕಟ್ಟಿದ್ದು ಯಾರು?" ಎಂದು ಕೇಳಿದರು.

"ನಾನು ಸಾರ್" ಎಂದಳು ಅಕ್ಕ.

"ಗಂಟು ಬಿಚ್ಚಿಲ್ಲ. ಗಂಟುಗಳೆಲ್ಲ ಹಾಗೇ ಇದ್ದಾವೆ. ಆದರೆ ಎಲ್ಲದರ ಒಳಗೂ ಜಾಗ ಉಂಟು. ಒಂದು ಬೆರಳು ಆರಾಮಾಗಿ ಹೋಗ್ತದೆ. ಹಾಯಿ ಅದರಲ್ಲೇ ಜಾರಿ ಬಂದದ್ದು. ಯಾಕೆ ಹಾಗೆ ಕಟ್ಟಿದ್ದು?"

ಅಕ್ಕ ತನ್ನ ಎಡಗೈಯನ್ನು ನೋಡಿಕೊಂಡಳು. ಅವಳಿಗೇ ಆಗ ಗೊತ್ತಾದದ್ದು. "ಬಿಗಿದ್ರೆ ಕಾಂಡ ಕುಯ್ಯುತ್ತಲ್ಲ ಸಾರ್... ಗಿಡ ದಪ್ಪ ಆಗೋಕೆ ಜಾಗ ಬಿಡಬೇಕು" ಎಂದಳು.

ಸಾರಂಗರಿಗೆ ಅರ್ಥವಾಗಲಿಲ್ಲ. ನಾನೇ ಬಕೆಟ್ಟು ಬಿಟ್ಟು ಎದ್ದು ಬಂದು ಟೊಮೇಟೊ ಗಿಡದ ವಿಷಯ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು. "ಇದು ಬೆಳೆಯುವುದಿಲ್ಲ ಅಮ್ಮ. ಇದು ಬಟ್ಟೆ. ಇದಕ್ಕೆ ಉಸಿರಾಡಲು ಜಾಗ ಕೊಟ್ಟರೆ ನಮ್ಮ ಉಸಿರು ತೆಗಿತದೆ" ಎಂದರು. ಬೈಯಲಿಲ್ಲ. ನೋಡದೆ ಬಿಟ್ಟದ್ದು ತನ್ನದೂ ತಪ್ಪು ಎಂದು ಕ್ಯಾಪ್ಟನ್ ಎದುರಿಗೇ ಒಪ್ಪಿಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ ಹೇಳಿದರು: "ಇನ್ನು ನೀವು ಮೇಲೆ ಹೋಗುವುದು ಬೇಡ. ಕೆಳಗೇ ಇರಿ."

ಅಕ್ಕ ಸೊಂಟದ ಬೆಲ್ಟು ಬಿಚ್ಚಿ ಅವರ ಕೈಗೆ ಕೊಟ್ಟಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಮುಳಬಾಗಿಲಿನ ಆ ಹಿತ್ತಲು, ಆ ಅಜ್ಜಿ, ಎಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಾಯಿತು. ನನ್ನ ತಲೆ ಕೆಟ್ಟುಹೋಯಿತು. ಸಾರಂಗರ ಹಿಂದೆಯೇ ಹೋಗಿ, "ಒಂದು ತಪ್ಪಿಗೆ ಹಿಂಗೆ ಮಾಡೋದಾ? ಮನುಷ್ಯರಾ ನೀವು? ಅವ್ಳು ಯಾಕೆ ಬಂದವ್ಳೆ ಗೊತ್ತಾ ನಿಮ್ಗೆ?" ಎಂದು ಕೂಗಾಡಿದೆ. ಅಜ್ಜಿಯ ಕಥೆಯನ್ನೂ ಒದರಿಬಿಟ್ಟೆ. ಅವರು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಅಕ್ಕ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

"ಸುಮ್ನಿರೇ ನೀನು. ಅವ್ರು ಹೇಳಿದ್ದು ಸರಿ ಐತೆ."

"ಏನ್ ಸರಿ? ನಿಮ್ಮಜ್ಜಿ ಹೇಳಿದ್ದೇ ಅಲ್ವಾ ಇವ್ರು ಹೇಳಿದ್ದು?"

"ಅಲ್ಲ ಕಣೇ. ಅಜ್ಜಿ ಇಳಿ ಅಂದಾಗ ನಾನು ಏನು ತಪ್ಪು ಮಾಡಿದ್ದೆ ಹೇಳು? ಏನೂ ಇಲ್ಲ. ಹೆಣ್ಣಾಗಿದ್ದೆ, ಅಷ್ಟೆ. ಅದನ್ನ ಏನು ತಿದ್ಕೊಳ್ಳೋದು? ಇದು ಗಂಟು. ಇದನ್ನ ತಿದ್ಕೋಬೋದು."

ನಾನು ಮತ್ತೆ ನನ್ನ ಬಕೆಟ್ಟಿನ ಪಕ್ಕ ಹೋಗಿ ಕೂತೆ. ಸಮುದ್ರ ತನ್ನ ಪಾಡಿಗೆ ತಾನು ಹೊಯ್ದಾಡುತ್ತಿತ್ತು.

ಅಲ್ಲಿಂದ ಮುಂದೆ ಅಕ್ಕ ಡೆಕ್ ತೊಳೆದಳು, ತರಕಾರಿ ಹೆಚ್ಚಿದಳು, ಹರಿದ ಹಾಯಿಯನ್ನು ದಪ್ಪ ಸೂಜಿಯಲ್ಲಿ ಹೊಲಿಯುವವರ ಜೊತೆ ಕೂತಳು. ಬಿಡುವು ಸಿಕ್ಕರೆ ಡೆಕ್ಕಿನ ಕಂಬಿಗೆ ಹಳೆಯ ಗೋಣಿಯೊಂದನ್ನು ಸುತ್ತಿ ಹಗ್ಗದಲ್ಲಿ ಕಟ್ಟುವುದು, ಬಿಚ್ಚುವುದು. ಸುಲಭವೆಂದು ನಾನು ತಿಳಿದಿದ್ದೆ. ಬಿಗಿಯಾಗಿ ಕಟ್ಟುವುದರಲ್ಲಿ ಏನಿದೆ? ಆದರೆ ಅವಳ ಎಡಗೈ ಮಾತು ಕೇಳುತ್ತಿರಲಿಲ್ಲ. ಪ್ರತಿ ಸಲವೂ ಆ ತೋರುಬೆರಳು ತಾನಾಗಿಯೇ ಒಳಗೆ ಹೋಗಿ ಕೂರುತ್ತಿತ್ತು. ಬೇಡ ಬೇಡ ಎನ್ನುತ್ತಲೇ ಕಟ್ಟುತ್ತಿದ್ದಳು, ಮುಗಿಸಿ ನೋಡಿದರೆ ಬೆರಳು ಅಲ್ಲೇ. "ಥೂ ನಿನ್ನ" ಎಂದು ತನ್ನ ಬೆರಳಿಗೇ ಬೈಯುತ್ತಿದ್ದಳು. ಲಕ್ಷಾಂತರ ಗಿಡಗಳನ್ನು ಉಳಿಸಿದ ಬೆರಳು ಅದು, ಪಾಪ, ಅದಕ್ಕೇನು ಗೊತ್ತು.

ಕೊನೆಗೆ ತನ್ನ ಹಳೆಯ ಸೀರೆಯ ಅಂಚು ಹರಿದು ತೋರುಬೆರಳನ್ನೂ ನಡುಬೆರಳನ್ನೂ ಸೇರಿಸಿ ಕಟ್ಟಿಕೊಂಡಳು. ಒಂದು ಬೆರಳು ಹೋಗುವ ಕಡೆ ಎರಡು ಹೋಗಲಾರವು. ಊಟ ಮಾಡುವಾಗ, ಮಲಗುವಾಗ ಕೂಡ ಬಿಚ್ಚಲಿಲ್ಲ. ಹಡಗಿನ ಹುಡುಗರು, ಆಂಟಿ ಬೆರಳಿಗೆ ಏನಾಯ್ತು ಎಂದು ಕೇಳುತ್ತಿದ್ದರು. "ಬುದ್ಧಿ ಕಲಿಸ್ತಾ ಇದೀನಿ" ಎನ್ನುತ್ತಿದ್ದಳು.

ಸಾರಂಗರು ಓಡಾಡುವಾಗ ಇದನ್ನೆಲ್ಲ ನೋಡುತ್ತಿದ್ದರು. ಕಂಬಿಯ ಹತ್ತಿರ ಬಂದಾಗ, ಬೇರೆ ಕಡೆ ನೋಡುತ್ತಲೇ, ಗಂಟಿನೊಳಗೆ ಕಿರುಬೆರಳು ತೂರಿಸಲು ನೋಡಿ ಮುಂದೆ ಹೋಗುತ್ತಿದ್ದರು. ಮೊದಮೊದಲು ಬೆರಳು ಪೂರ್ತಿ ಹೋಗುತ್ತಿತ್ತು. ಆಮೇಲೆ ಉಗುರಿನವರೆಗೆ. ನನಗೆ ನನ್ನ ವಾಂತಿಯೂ ಮರೆತುಹೋಗಿ, ಅವರು ಬಂದಾಗಲೆಲ್ಲ ಆ ಕಿರುಬೆರಳನ್ನೇ ನೋಡುವುದು ಕೆಲಸವಾಯಿತು. ಒಂದು ಬೆಳಿಗ್ಗೆ ಅವರು ಬೆರಳಿಟ್ಟರು, ಹೋಗಲಿಲ್ಲ. ಪಟ್ಟಿ ಸುತ್ತಿದ ಕೈಯಲ್ಲೇ ಗೋಣಿಯನ್ನು ಹಿಡಿದು ಜಗ್ಗಿದರು, ಬರಲಿಲ್ಲ. ಕಾಲು ಕೊಟ್ಟು ಎಳೆದರು, ಆಗಲೂ ಬರಲಿಲ್ಲ. ಆಮೇಲೆ ಅಕ್ಕನ ಕೈ ನೋಡಿ, "ಅದನ್ನು ಬಿಚ್ಚಿ ಒಂದು ಸಲ ಕಟ್ಟಿ" ಎಂದರು.

ಅಕ್ಕ ಸೀರೆಯ ಚೂರು ಬಿಚ್ಚಿದಳು. ಬೆರಳುಗಳು ಬೆಳ್ಳಗೆ ಬಿಳಿಚಿಕೊಂಡಿದ್ದವು. ಕಟ್ಟಿದಳು. ತೋರುಬೆರಳು ಒಂದು ಸಲ ಮುಂದೆ ಹೋಗಿ, ಅಲ್ಲೇ ನಿಂತು, ಹಿಂದೆ ಬಂತು. ಸಾರಂಗರು ಗಂಟನ್ನು ಮುಟ್ಟಿ ನೋಡಿ ಹೊರಟುಹೋದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಮನುಷ್ಯನ ಬಾಯಲ್ಲಿ ಮುತ್ತೇನಾದರೂ ಇದೆಯೇ, ಬಿಟ್ಟರೆ ಉದುರಿಹೋಗುತ್ತದೆಯೇ ಎಂದು ನನಗೆ ರೇಗಿಹೋಯಿತು.

ಕೊಚ್ಚಿಯ ದಿನ ಬಂತು. ಬೆಳಿಗ್ಗೆಯಿಂದಲೇ ಮೀನಿನ ದೋಣಿಗಳು ಎದುರಾಗುತ್ತಿದ್ದವು. ದಡದ ತೆಂಗಿನ ಮರಗಳು ಕಾಣತೊಡಗಿದವು. ಬಂದರಿನೊಳಗೆ ಹೋಗುವ ಮುಂಚೆ ಹಾಯಿಗಳನ್ನೆಲ್ಲ ಮಡಿಸಿ ಕಟ್ಟಬೇಕು, ಕೊನೆಗೆ ನಡುಗಂಬದ ಮೇಲಿನ ಅಡ್ಡಮರದ್ದು. ಇನ್ನು ಒಂದು ಗಂಟೆ ಕಳೆದರೆ ಯಾನ ಮುಗಿಯಿತು. ಅಕ್ಕ ನನ್ನ ಪಕ್ಕ ನಿಂತು ಹಗ್ಗ ಸುತ್ತುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಎತ್ತರದ್ದು ಏನು ಕಂಡರೂ ನೋಡದೆ ಬಿಡದವಳು, ಅವತ್ತು ಕಾಲಿನ ಹಲಗೆಯನ್ನೇ ನೋಡುತ್ತಿದ್ದಳು.

ಸಾರಂಗರು ಊರುಗಳ ಹೆಸರು ಕೂಗತೊಡಗಿದರು. ಬಳ್ಳಾರಿಯವನನ್ನು ಕರೆದರು. ಬೀದರಿನ ಹುಡುಗಿಯನ್ನು ಕರೆದರು. ಆಮೇಲೆ ನಮ್ಮ ಕಡೆಗೇ ನಡೆದುಬಂದರು. ಕೈಯಲ್ಲಿ ಬೆಲ್ಟು ಇತ್ತು.

"ಯಲ್ದೂರು, ಮೇಲೆ" ಎಂದರು.

ಅಕ್ಕ ಬೆಲ್ಟು ಸುತ್ತಿಕೊಂಡಳು. ಕೊಂಡಿಯನ್ನು ನಾನು ಹಾಕಿದೆ. ಅವಳು ಏಣಿಗೆ ಕಾಲಿಟ್ಟಳು. ಕೆಳಗಿನ ಅಡ್ಡಮರ ದಾಟಿದಳು, ನಡುವಿನದನ್ನು ದಾಟಿದಳು. ಅಲ್ಲಿಂದ ಏಣಿ ಕಿರಿದಾಗುತ್ತದೆ, ಇಬ್ಬರು ಒಟ್ಟಿಗೆ ಹೋಗಲಾಗದು. ಒಂದು ಕಡೆ ನಿಂತಳು. ನಾನು ಕೋಲಾರಮ್ಮನಿಗೆ ಹರಕೆ ಹೊತ್ತೆ. ಅವಳು ನಿಂತಿದ್ದು ಹೆದರಿ ಅಲ್ಲ, ಮುಂದೆ ಹೋಗುತ್ತಿದ್ದ ಹುಡುಗಿಯ ಕಾಲು ಸರಿಯಾಗಲಿ ಎಂದು. ಮತ್ತೆ ಹತ್ತಿದಳು. ಮೇಲಿನ ಅಡ್ಡಮರದ ಮೇಲೆ ಹೊಟ್ಟೆಯೂರಿ ಬಾಗಿ, ಹಾಯಿಯನ್ನು ಮಡಿಕೆ ಮಡಿಕೆಯಾಗಿ ಎಳೆದುಕೊಂಡರು. ಇಲ್ಲಿಂದ ನೋಡಿದರೆ ಅವರೂ ಇರುವೆಗಳೇ. ಒಂದು ಇರುವೆಗೆ ಜಡೆ ಇತ್ತು.

ಕಟ್ಟಿದ್ದಾಯಿತು. ಸಾರಂಗರು ತಾವೇ ಹತ್ತಿಹೋಗಿ ಒಂದೊಂದು ಗಂಟನ್ನೂ ನೋಡಿದರು, ಅಕ್ಕನದನ್ನೂ ಬಿಡಲಿಲ್ಲ. ಒಂದನ್ನೂ ಬಿಚ್ಚಿಸಿ ಮತ್ತೆ ಕಟ್ಟಿಸಲಿಲ್ಲ. ಬಳ್ಳಾರಿಯವನು ಇಳಿದ, ಬೀದರಿನ ಹುಡುಗಿ ಇಳಿದಳು, ಸಾರಂಗರೂ ಇಳಿದರು. ಅಕ್ಕ ಇಳಿಯಲಿಲ್ಲ. ಕಂಬಕ್ಕೆ ಒರಗಿ, ಅಡ್ಡಮರದ ಮೇಲೆ ಕೂತುಬಿಟ್ಟಳು. ಹಡಗು ಬಂದರಿನ ಬಾಯಿಗೆ ಬಂತು. ಎರಡೂ ಕಡೆ ಜನ ನಿಂತು ಕೈಬೀಸುತ್ತಿದ್ದರು, ಫೋನು ಹಿಡಿದಿದ್ದರು. ಕ್ಯಾಪ್ಟನ್ ಮೇಡಂ ತಲೆಯೆತ್ತಿ ನೋಡಿ, ಸಾರಂಗರ ಕಡೆ ನೋಡಿದರು. ಬಂದರಿನೊಳಗೆ ಮೇಲೆ ಯಾರೂ ಇರಬಾರದು ಎಂಬುದು ಸಾರಂಗರದೇ ಕಟ್ಟಳೆ.

ಈಗ ಕೂಗುತ್ತಾರೆ ಎಂದು ಸಾರಂಗರ ಬಾಯನ್ನೇ ನೋಡುತ್ತಿದ್ದೆ. ಅವರು ಕೈ ಹಿಂದೆ ಕಟ್ಟಿಕೊಂಡು, ಬೇರೆ ಏನೋ ಕೆಲಸ ನೆನಪಾದವರ ಹಾಗೆ ಆ ಕಡೆ ತಿರುಗಿ ನಿಂತರು. ಹಾಗೇ ನಿಂತೇ ಇದ್ದರು.

ಅಕ್ಕ ತನಗೆ ಬೇಕೆನಿಸಿದಷ್ಟು ಹೊತ್ತು ಕೂತಿದ್ದು, ತನಗೆ ಬೇಕೆನಿಸಿದಾಗ ಇಳಿದಳು. ಡೆಕ್ಕಿಗೆ ಕಾಲಿಟ್ಟ ಕೂಡಲೇ ಅವಳನ್ನು ನಾನು ತಬ್ಬಿಕೊಂಡೆ.

"ಏನು ಕಾಣಿಸ್ತು ಅಕ್ಕ, ಮೇಲೆ?"

"ನೀರು ಕಾಣಿಸ್ತು. ಊರು ಕಾಣಿಸ್ತು. ನೀನೂ ಕಾಣಿಸ್ದೆ, ಬಾಯಿ ಬಿಟ್ಕೊಂಡು ನಿಂತಿದ್ದೆ" ಎಂದಳು. ಆಮೇಲೆ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. "ಅದಲ್ಲ ಕಣೇ ರಜನಿ. ಎಷ್ಟು ಹೊತ್ತು ಕೂತಿದ್ದೆ ನೋಡು. ಕೆಳಗಿಂದ ಒಬ್ರೂ ಇಳಿ ಅನ್ಲಿಲ್ಲ."

ಇಬ್ಬರೂ ಅತ್ತೆವು. ನಾಚಿಕೆಯಿಲ್ಲದೆ, ಅಷ್ಟು ಜನರ ಮುಂದೆ, ಗೊಳೋ ಎಂದು ಅತ್ತೆವು. ಸಾರಂಗರು ಹತ್ತಿರ ಬಂದರು. ಏನೋ ಒಳ್ಳೆಯ ಮಾತು ಹೇಳುತ್ತಾರೆ ಎಂದು ಕಣ್ಣೊರೆಸಿಕೊಂಡು ನೋಡಿದೆ. ಡೆಕ್ಕಿನ ಮೇಲೆ ಹಗ್ಗಗಳೆಲ್ಲ ಹಾಗೇ ಬಿದ್ದಿವೆ, ಅವನ್ನು ಸುತ್ತಿಡುವುದಕ್ಕೆ ಕೋಲಾರದಿಂದ ಇನ್ನು ಯಾರಾದರೂ ಬರಬೇಕೇ ಎಂದು ಇಬ್ಬರಿಗೂ ಸೇರಿಸಿ ಬೈದರು. ಅಕ್ಕ ಸರಿ ಸಾರ್ ಎಂದು ಹಗ್ಗದ ತುದಿ ಹುಡುಕಿ ಕೈಗೆತ್ತಿಕೊಂಡಳು.